ಗೆಳತಿಯ ಅಮ್ಮನ ಮನೆಗೆ ದಾರಿ

"ಇದನ್ನ ಬರೆದ ಜಾಣೆ ನೀನೇ ಅಲ್ವಾ?"

ಸರ್ವೆಯವನು ಅಂಗಿಯ ಜೇಬಿನಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲೆ, ತಟ್ಟೆಗಳ ನಡುವೆ ಹರಡಿದ. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ, ಬೆವರಿಗೆ ಮೆತ್ತಗಾಗಿದ್ದ ಅಚ್ಚಿನ ಹಾಳೆ. ಗುಬ್ಬಿ ಮೇಜಿನ ಆ ತುದಿಯಿಂದಲೇ ಅದನ್ನು ಗುರುತು ಹಿಡಿದಳು. ಹಾವಿನ ಹಾಗೆ ಹೊರಳಿದ ಹೊಳೆ. ಹೊಳೆಯಲ್ಲಿ ಮೂರು ಕಡೆ, ಹಲ್ಲಿನ ಸಾಲಿನ ಹಾಗೆ, ನೀರು ಧುಮುಕುವ ಕಲ್ಲುಗಳು. ಬೋರಲು ಹಾಕಿದ ಗಡಿಗೆಯಂಥ ಬಂಡೆ. ಬಂಡೆಯ ಹಿಂದೆ ಬಳ್ಳಿ ಮುಚ್ಚಿದ ಸಣ್ಣ ಹಳ್ಳ, ಹಳ್ಳದ ದಂಡೆಗೆ ಏಳು ಮನೆ, ಒಂದೊಂದು ಮನೆಯ ಮುಂದೂ ಮನುಷ್ಯರು. ಮೇಲೆ ಅವಳದೇ ಅಕ್ಷರದಲ್ಲಿ: ‘ನನ್ನ ಗೆಳತಿಯ ಅಮ್ಮನ ಮನೆಗೆ ಹೋಗುವ ದಾರಿ’.

ಬಾಯಲ್ಲಿದ್ದ ತುತ್ತು ಬಾಯಲ್ಲೇ ನಿಂತಿತು.

"ನನ್ನ ಮಗಳೂ ಇದಾಳೆ, ನಿನ್ನಷ್ಟೇ," ಎಂದ ಸರ್ವೆಯವನು. ದುಂಡು ಮುಖ, ಮಾತಿಗೊಂದು ನಗು. "ಸ್ಕೇಲ್ ಕೊಟ್ರೂ ಒಂದು ಗೆರೆ ನೆಟ್ಟಗೆ ಎಳೆಯಲ್ಲ. ನೀನು ನೋಡು, ನಮ್ಮ ಆಫೀಸಿನ ನಕ್ಷೇಲಿ ಬರೀ ಹಸಿರು ಬಳಿದಿರೋ ಕಡೆ ಹೊಳೆ ಹರಿಸಿಬಿಟ್ಟಿದೀಯ. ನಮ್ಮ ಸಾಹೇಬ್ರು ಏನಂದ್ರು ಗೊತ್ತಾ? ಆ ಹುಡುಗೀಗೆ ಕೆಲಸ ಕೊಡಿ, ಈ ಸೋಂಬೇರಿಗಳನ್ನ ಮನೆಗೆ ಕಳಿಸಿ ಅಂದ್ರು."

ಅವನ ಪಕ್ಕ ಕೂತಿದ್ದ ಇಬ್ಬರು ಆಳುಗಳು ನಕ್ಕರು. ಅಪ್ಪನೂ ನಕ್ಕ. ಅಮ್ಮ ನೀರಿನ ಜಗ್ಗು ಎತ್ತಿದವಳು ಬಗ್ಗಿಸದೆ ಹಾಗೇ ಹಿಡಿದು ನಿಂತಳು.

ಮೂವರೂ ಆ ಬೆಳಿಗ್ಗೆ ವಿಮಾನದಲ್ಲಿ ಬಂದಿಳಿದವರು. ಬೇರೆ ದಾರಿ ಇರಲಿಲ್ಲ. ಆ ಕಾಡಿಗೆ ಬರುವುದಿದ್ದರೆ ಅಪ್ಪನ ಮಿಷನ್ ಸಂಘದ ಪುಟ್ಟ ವಿಮಾನ, ಇಳಿಯುವುದಿದ್ದರೆ ಅಪ್ಪ ಹನ್ನೊಂದು ವರ್ಷದ ಹಿಂದೆ ಮರ ಕಡಿಸಿ ಮಟ್ಟ ಮಾಡಿಸಿದ ಹುಲ್ಲಿನ ಪಟ್ಟಿ, ಉಣ್ಣುವುದಿದ್ದರೆ ಇದೇ ಮೇಜು. ಅಪ್ಪ ಪಾದ್ರಿ. ಕಾಡಿನವರ ಭಾಷೆ ಕಲಿತು, ಅದಕ್ಕೆ ಅಕ್ಷರ ಹೊಂದಿಸಿ, ದೇವರ ವಾಕ್ಯವನ್ನು ಅದರಲ್ಲಿ ಬರೆಯುವುದು ಅವನ ಕೆಲಸ. ಅಮ್ಮ ದವಾಖಾನೆ ನಡೆಸುತ್ತಿದ್ದಳು. ಕಾಡಿನವರ ಬಾಯಲ್ಲಿ ಅವಳು ಮದ್ದಿನಮ್ಮ. ಕಂಬಗಳ ಮೇಲೆ ನಿಂತ ಹಲಗೆ ಮನೆ, ತಗಡಿನ ಸೂರು, ಮೂಲೆಯಲ್ಲಿ ಬ್ಯಾಟರಿಗೆ ಕಟ್ಟಿದ ವೈರ್‌ಲೆಸ್. ದಿನಾ ಬೆಳಿಗ್ಗೆ ಏಳಕ್ಕೆ ಕಾಡಿನ ಮೂಲೆಮೂಲೆಯ ಸಂಘದ ಮನೆಗಳೆಲ್ಲ ಒಂದರ ಹಿಂದೊಂದು ಅದರಲ್ಲಿ ಹಾಜರಿ ಹೇಳಬೇಕು. ಅಪ್ಪ "ಎಲ್ಲ ಕ್ಷೇಮ" ಅಂದಮೇಲೆಯೇ ಗುಬ್ಬಿಗೆ ತಿಂಡಿ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳಂತೆ, ಹಾಗಾಗಿ ಎಲ್ಲರಿಗೂ ಅವಳು ಗುಬ್ಬಿ.

ಸಂಘಕ್ಕೊಂದು ಮಾಸಪತ್ರಿಕೆ, ಅದರಲ್ಲೊಂದು ಮಕ್ಕಳ ಪುಟ. ಆ ಪುಟ ನೋಡಿಕೊಳ್ಳುವ ಅತ್ತೆ (ಸಂಘದ ಮಕ್ಕಳಿಗೆ ದೊಡ್ಡವರೆಲ್ಲ ಮಾವ, ಅತ್ತೆ) ಕಾಡಿನಲ್ಲಿರುವ ಮಕ್ಕಳಿಗೆಲ್ಲ ಪತ್ರ ಹಾಕಿದ್ದಳು: ನಿಮ್ಮ ಕಾಡಿನ ಗೆಳೆಯರ ಬಗ್ಗೆ ಏನಾದರೂ ಕಳಿಸಿ, ಓದಿದವರು ಅವರಿಗಾಗಿ ಪ್ರಾರ್ಥಿಸಲಿ. ಗುಬ್ಬಿ ಮೂರು ದಿನ ಕೂತು ಚಿತ್ರ ಬರೆದಳು. ಅಪ್ಪ ನೋಡಿ ಮೆಚ್ಚಿದ. ಮೆಚ್ಚಿ ಸುಮ್ಮನಿರುವ ಜಾಯಮಾನ ಅವನದಲ್ಲ. "ದಿಕ್ಕು ತೋರಿಸದ ನಕ್ಷೆ ನಕ್ಷೇನಾ? ಅರೆಬರೆ ಕೆಲಸ ದೇವರಿಗೂ ಬೇಡ, ನನಗೂ ಬೇಡ," ಎಂದು ಪೆನ್ನು ಹಿಡಿದು ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿದ. ಹೊಳೆಯ ಪಕ್ಕ ‘ದೋಣಿಯಲ್ಲಿ ಒಂದೂವರೆ ದಿನ’ ಎಂದು ಬರೆದ. ಬಂಡೆಯ ಹತ್ತಿರ ‘ಇಲ್ಲಿಂದ ನಡಿಗೆ, ಅರ್ಧ ತಾಸು’. ಪತ್ರಿಕೆಯಲ್ಲಿ ಅದು ಹಾಗೇ ಅಚ್ಚಾಯಿತು.

ಆ ಏಳು ಮನೆಯವರು ಮೊದಲು ಹೊಳೆಯ ಕೆಳಗಡೆ, ಬಯಲು ಜಾಗದಲ್ಲಿದ್ದವರು. ಮರ ಕಡಿಯುವವರು ಬಂದರು. ಮೊದಲು ಸಕ್ಕರೆ ಕೊಟ್ಟರು, ಆಮೇಲೆ ಕೆಮ್ಮು ಕೊಟ್ಟರು, ಕೊನೆಗೆ ಬೆಂಕಿ ಕೊಟ್ಟರು. ಅರ್ಧಕ್ಕರ್ಧ ಜನ ಸತ್ತರು. ಉಳಿದವರು ಗಡಿಗೆಬಂಡೆಯ ಹಿಂದೆ ಸೇರಿಕೊಂಡು, ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಕೂತರು. ಹೊರಗಿನವರಲ್ಲಿ ಅವರು ಹತ್ತಿರ ಬಿಟ್ಟುಕೊಂಡದ್ದು ಮೂವರನ್ನು ಮಾತ್ರ: ವರ್ಷಕ್ಕೆರಡು ಸಲ ಸೂಜಿ ಹಾಕಲು ಹೋಗುವ ಮದ್ದಿನಮ್ಮ, ಅವಳ ಗಂಡ, ಅವಳ ಮಗಳು. ಮೊದಲ ಸಲ ಕರೆದೊಯ್ಯುವಾಗ, ಹಲಗೆ ಮನೆಯ ಹತ್ತಿರದ ಕೇರಿಯ ಒಂಟಿಹಲ್ಲಜ್ಜಿ ಮೂವರ ಬಾಯಿಯ ಮೇಲೂ ಅಂಗೈ ಒತ್ತಿ, "ಇಲ್ಲಿಂದ ಮಾತು ಹೊರಬಿದ್ರೆ ನನ್ನ ಮಕ್ಕಳು ಸಾಯ್ತಾರೆ," ಎಂದಿದ್ದಳು. ಬಂಡೆಯ ಹಿಂದೆ ಇದ್ದವಳು ಅಜ್ಜಿಯ ಮಗಳು. ಇಲ್ಲಿ, ಹುಲ್ಲಿನ ಪಟ್ಟಿಯ ಆಚೆಯ ಕೇರಿಯಲ್ಲಿ, ಕಾಲಿನ ಹುಣ್ಣಿಗೆ ಪಟ್ಟಿ ಹಾಕಿಸಿಕೊಳ್ಳಲು ಅಜ್ಜಿಯ ಹತ್ತಿರ ಉಳಿದಿದ್ದವಳು ಮೊಮ್ಮಗಳು ಉದ್ದಕಾಲಿ, ಗುಬ್ಬಿಯ ಗೆಳತಿ.

ಗುಬ್ಬಿ ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಚಿತ್ರ ಬರೆದಿದ್ದಳು ಅಷ್ಟೆ. ಅವಳಿಗೆ ಒಂಬತ್ತು ವರ್ಷ. ಅಪ್ಪನಿಗೆ ನಲವತ್ಮೂರು.

"ಈಗ ಹೇಳು ಪುಟ್ಟಿ," ಸರ್ವೆಯವನು ಪೆನ್ಸಿಲಿನ ತುದಿಯನ್ನು ಬಂಡೆಯ ಮೇಲೆ ಇಟ್ಟ. "ಇದು ಯಾವ ದಂಡೇಲಿ ಬರತ್ತೆ? ನೀನು ನಟ್ಟನಡುವೆ ಕೂರಿಸಿಬಿಟ್ಟಿದೀಯ."

"ಅಲ್ಲಿ ಏನು ಮಾಡ್ತಾರೆ?" ಗುಬ್ಬಿಯ ದನಿ ಅವಳಿಗೇ ಕೇಳಿಸಲಿಲ್ಲ.

"ರಸ್ತೆ. ದಿಮ್ಮಿ ಸಾಗಿಸೋ ಲಾರಿ ಓಡಾಡೋಕೆ. ನಮಗೆ ಬೇಕಿರೋದು ಇಷ್ಟೇ, ಅಲ್ಲಿ ಜನ ಇದಾರೋ ಇಲ್ಲವೋ. ಇದ್ರೆ ಎಬ್ಬಿಸಿ ಬೇರೆ ಕಡೆ ಕೂರಿಸಬೇಕು. ಇಲ್ಲದಿದ್ರೆ ರಗಳೇನೇ ಇಲ್ಲ."

ಎಬ್ಬಿಸುವುದು ಎಂದರೆ ಏನೆಂದು ಗುಬ್ಬಿಗೆ ಉದ್ದಕಾಲಿ ಹೇಳಿದ್ದಳು. ಹೇಗೆ ಓಡಿದೆವು, ಯಾರು ಹಿಂದೆ ಬಿದ್ದರು, ಯಾರ ಕೂಗು ಎಲ್ಲಿಯವರೆಗೆ ಕೇಳಿಸಿತು, ಎಲ್ಲ. ಗುಬ್ಬಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಸುಮ್ನೆ ಬರೆದೆ. ಆ ಥರ ಬಂಡೆ ಇಲ್ಲ. ಮನೇನೂ ಇಲ್ಲ. ಎಲ್ಲಾ ನಾನೇ ಕಟ್ಟಿದ್ದು. ಕಥೆ ಥರ."

ಸರ್ವೆಯವನ ಮುಖ ಇಳಿಯಿತು. ಆಳುಗಳಲ್ಲೊಬ್ಬ ತಟ್ಟೆ ಪಕ್ಕಕ್ಕೆ ಸರಿಸಿ, "ನಾನು ಹೇಳಲಿಲ್ವಾ ಸಾರ್? ಮಕ್ಕಳ ಪುಸ್ತಕ ನಂಬ್ಕೊಂಡು ಕಾಡು ಪಾಲಾದ್ವಿ. ಮುಂದಿನ ಸಲ ಚಂದಮಾಮನ ಮನೆಗೆ ದಾರಿ ಕೇಳ್ಕೊಂಡು ಹೋಗೋಣ," ಎಂದ.

"ಥತ್, ಮುಚ್ಚೋ ಬಾಯಿ," ಎಂದ ಸರ್ವೆಯವನು ಹಾಳೆಯ ಒಂದು ಮಡಿಕೆ ಮಡಚಿದ. ಒಂದು ಕ್ಷಣ, ಬರೀ ಒಂದು ಕ್ಷಣ, ಗುಬ್ಬಿಗೆ ಹೋದ ಉಸಿರು ಬಂತು.

"ಗುಬ್ಬಿ," ಎಂದ ಅಪ್ಪ. "ನಮ್ಮ ಮನೇಲಿ ಸುಳ್ಳು ಹೇಳಲ್ಲ."

"ಅಪ್ಪಾ..."

"ಯಾರ ಮುಂದೆ ಹೇಳಿದ್ರೂ ಸುಳ್ಳು ಸುಳ್ಳೇ. ಎದ್ದು ನಿಂತ್ಕೋ. ತಪ್ಪಾಯ್ತು ಅನ್ನು. ಇರೋದನ್ನ ಇದ್ದ ಹಾಗೆ ಹೇಳು."

ಕೇಡು ಬಗೆದು ಅಂದದ್ದಲ್ಲ. ಮಗಳ ಬಾಯಲ್ಲಿ ಸುಳ್ಳು ಕಂಡರೆ ಅವನ ಮಾತು ತಾನಾಗಿಯೇ ಮುಂದೆ ಬರುತ್ತಿತ್ತು, ಸೊಳ್ಳೆ ಕೂತಲ್ಲಿ ಕೈ ಬೀಳುವ ಹಾಗೆ. ಎಲ್ಲಿ, ಯಾರ ಮುಂದೆ, ಯಾರಿಗೆ ಏನಾದೀತು ಎಂದು ಕೇಳಿಕೊಳ್ಳುವ ಪುರುಸೊತ್ತು ಆ ಕೈಗಿರಲಿಲ್ಲ. ಹನ್ನೊಂದು ವರ್ಷದಿಂದ ಕಾಡಿಗೆಲ್ಲ ಸತ್ಯ ಹಂಚುತ್ತಿದ್ದವನು. ಹಂಚುವವನಿಗೆ ಅದರ ಅಲಗು ತಾಗುವುದಿಲ್ಲ, ತಾಗುವುದು ತೆಗೆದುಕೊಂಡವರಿಗೆ.

ಗುಬ್ಬಿ ಎದ್ದು ನಿಂತಳು. ತೊಡೆಯ ಸಂದಿಯಿಂದ ಬಿಸಿಯಾದದ್ದು ಇಳಿದು ಪಾದ ಮುಟ್ಟಿತು.

"ತಪ್ಪಾಯ್ತು," ಎಂದಳು. "ಇದೆ."

"ಯಾವ ದಂಡೆ ಪುಟ್ಟಿ?"

"ಮೇಲೆ ಹೋಗುವಾಗ ಎಡಕ್ಕೆ."

"ಹಾಗಾದ್ರೆ ಜನ ಇದಾರೆ ಅಂತಾಯ್ತು." ಸರ್ವೆಯವನು ಬಂಡೆಯ ಸುತ್ತ ಒಂದು ದುಂಡು ಗೆರೆ ಎಳೆದ. "ಬದುಕಿಸಿದೆ ತಾಯಿ. ನಾಳೆ ಬೆಳಿಗ್ಗೇನೇ ಹೊರಡ್ತೀವಿ, ಪಾದ್ರಿಗಳೇ. ನಿಮ್ಮ ದೋಣಿ ಸಿಗತ್ತಲ್ಲ? ಇಂಜಿನ್ನು ನಾವೇ ತಂದಿದೀವಿ."

ಆಗ ಅಪ್ಪನಿಗೆ ಅರ್ಥವಾಯಿತು. ಮುಖದಿಂದ ರಕ್ತ ಇಳಿಯುವುದೆಂದರೆ ಹೇಗೆ ಎಂಬುದನ್ನು ಗುಬ್ಬಿ ಅವತ್ತು ಕಣ್ಣಾರೆ ಕಂಡಳು. ಮೊದಲು ತುಟಿ ಬೆಳ್ಳಗಾಯಿತು, ಆಮೇಲೆ ಕಿವಿ. ಅವನು ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು, "ಸಿಗತ್ತೆ."

ಅಮ್ಮ ಮುಂದೆ ಬಂದು ಜಗ್ಗಿನ ನೀರನ್ನು ಪೂರ್ತಿಯಾಗಿ ನೆಲಕ್ಕೆ, ಗುಬ್ಬಿಯ ಕಾಲ ಬಳಿ ಸುರಿದಳು. "ಅಯ್ಯೋ, ಕೈ ಜಾರಿ ಚೆಲ್ಲಿಹೋಯ್ತು. ಹೋಗಮ್ಮ, ಬಟ್ಟೆ ಬದಲಾಯಿಸ್ಕೋ."

ಈ ಸುಳ್ಳನ್ನು ಅಪ್ಪ ತಿದ್ದಲಿಲ್ಲ.

ಹಲಗೆ ಗೋಡೆ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಒಳಗಿನ ಕೋಣೆಯಲ್ಲಿ ಒಣ ಲಂಗ ಹಿಡಿದು ನಿಂತ ಗುಬ್ಬಿಗೆ ಅಡುಗೆಮನೆಯ ಪಿಸುಮಾತು ಒಂದೂ ಬಿಡದೆ ಕೇಳಿಸಿತು.

"ಮಗು ಅಷ್ಟು ಚೆನ್ನಾಗಿ ಮುಚ್ಚಿತ್ತು," ಎಂದಳು ಅಮ್ಮ. "ನೀವು ಬಿಚ್ಚಿ ತೋರಿಸಿದ್ರಿ."

"ನನಗೆ ಹೊಳೀಲಿಲ್ಲ ಕಣೇ. ಆ ಕ್ಷಣಕ್ಕೆ ಹೊಳೀಲಿಲ್ಲ."

"ಈಗ ಹೊಳೆದಿದೆಯಲ್ಲ. ದೋಣಿ ಇಲ್ಲ ಅನ್ನಿ. ತೂತಾಗಿದೆ ಅನ್ನಿ."

"ಅವರ ಹತ್ರ ಸರ್ಕಾರದ ಕಾಗದ ಇದೆ. ನಾಳೆ ಹೋಗಿ ಪಾದ್ರಿ ಅಡ್ಡಗಾಲು ಹಾಕಿದ ಅಂತ ಬರೆದ್ರೆ? ನಮ್ಮ ಪರವಾನಗಿ ಹೋಗತ್ತೆ. ವಿಮಾನ ನಿಲ್ಲತ್ತೆ. ನಿನ್ನ ದವಾಖಾನೆ ಮುಚ್ಚತ್ತೆ. ಆಗ ಇವರಿಗೆ ಮದ್ದು ಕೊಡೋರು ಯಾರು, ಹೇಳು?"

"ಮದ್ದು ಕುಡಿಯೋಕೆ ಜನ ಇರಬೇಕಲ್ಲ."

ಪಾತ್ರೆಯೊಂದು ಕಲ್ಲಿಗೆ ಬಡಿಯಿತು. ದೇವರ ಕೆಲಸಕ್ಕೂ ಸರ್ಕಾರದ ಪರವಾನಗಿ ಬೇಕು ಎಂಬುದು ಗುಬ್ಬಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. ಅವಳ ತಲೆಯ ಮೇಲೆ ಕೈಯಿಟ್ಟ. ಅದು ಅವಳನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

"ನೋಡು ಮರಿ, ಕೇರಿಯವರ ಹತ್ರ ಈ ವಿಷಯ ಎತ್ತಬಾರದು. ಆಯ್ತಾ? ಗಲಾಟೆ ಆಗಿಬಿಡತ್ತೆ. ನಾನೇ ನಿಧಾನಕ್ಕೆ ಒಂದು ದಾರಿ ಮಾಡ್ತೀನಿ."

"ಅವರು ಕೇಳಿದ್ರೆ?"

"ಸುಮ್ನಿದ್ದುಬಿಡು."

"ಅದು ಸುಳ್ಳಲ್ವಾ?"

"ಅಲ್ಲ," ಎಂದ ಅಪ್ಪ, ಕಿಟಕಿಯ ಕಡೆ ನೋಡುತ್ತ. "ಸುಮ್ನಿರೋದು ಸುಳ್ಳಲ್ಲ."

ಈಗ ಗುಬ್ಬಿಗೆ ನಲವತ್ತು ದಾಟಿದೆ. ದೊಡ್ಡ ಊರೊಂದರ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಎದುರು ನಿಂತವರು ಜೇಬಿಗೆ ಕೈ ಹಾಕಿ ಮಡಿಸಿದ ಕಾಗದ ತೆಗೆದರೆ ಇವತ್ತಿಗೂ ಅವಳ ಎದೆ ಧಸಕ್ಕೆನ್ನುತ್ತದೆ; ಅದು ಬರೀ ವೈದ್ಯರ ಚೀಟಿ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಹೊಟ್ಟೆಗೆ ಗೊತ್ತಾಗುವುದಿಲ್ಲ. ಸಂಘದ ಹಳಬರು ಸೇರಿದಲ್ಲಿ, "ಎಂಥ ಬಾಲ್ಯ ಕಣೇ ನಿಂದು! ಕಾಡು, ಹೊಳೆ, ವಿಮಾನ!" ಎನ್ನುತ್ತಾರೆ. ಅವಳು ಹೂಂ ಎನ್ನುತ್ತಾಳೆ. ಸುಮ್ಮನಿರುವುದು ಸುಳ್ಳಲ್ಲ.

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮ ಅವಳನ್ನು ದವಾಖಾನೆಗೆ ಕರೆದಳು. ಕುದಿಸಿ ಒಣಗಿಸಿದ ಬಟ್ಟೆಯ ಪಟ್ಟಿಗಳನ್ನು ಸುತ್ತಿ ಪೊಟ್ಟಣ ಕಟ್ಟುತ್ತಿದ್ದಳು. ಉದ್ದಕಾಲಿ ದಿನಾ ತಾನೇ ಕುಂಟಿಕೊಂಡು ಬಂದು ಪಟ್ಟಿ ಹಾಕಿಸಿಕೊಳ್ಳುತ್ತಿದ್ದವಳು. ಅವಳಿಗೆ ಪಟ್ಟಿಯನ್ನು ಮನೆಗೆ ಕಳಿಸಿದ್ದು ಎಂದೂ ಇಲ್ಲ.

"ಇದನ್ನ ಅಜ್ಜೀಗೆ ಕೊಟ್ಟು ಬಾ," ಎಂದಳು ಅಮ್ಮ. ಪೊಟ್ಟಣ ಕಟ್ಟಿದ್ದು ಮನೆಗೆ ಬಂದಿದ್ದ ಪತ್ರಿಕೆಯ ಹಾಳೆಯಲ್ಲಿ. ಮೇಲುಗಡೆಯೇ ಹೊಳೆ, ಹಲ್ಲು, ಬಂಡೆ. "ಬೇಗ ಬರಬೇಕು ಅಂತೇನಿಲ್ಲ."

"ಅಪ್ಪ ಹೇಳಬೇಡ ಅಂದ್ರು."

"ನಾನು ಪಟ್ಟಿ ಕೊಟ್ಟು ಬಾ ಅಂದೆ. ಹೇಳು ಅಂದ್ನಾ?"

ಅಷ್ಟೇ. ಆಮೇಲೆ ಬೆನ್ನು ತಿರುಗಿಸಿ ಸೀಸೆ ಒರೆಸಲು ನಿಂತಳು. ಒಬ್ಬ ಸತ್ಯ ಹೇಳಿದ, ಇನ್ನೊಬ್ಬಳು ಪಟ್ಟಿ ಕಳಿಸಿದಳು. ದೊಡ್ಡವರಿಬ್ಬರ ಕೈಯೂ ತೊಳೆದಷ್ಟು ಸ್ವಚ್ಛ. ಹೇಳುವ ಕೆಲಸ ಒಂಬತ್ತು ವರ್ಷದವಳ ಕೊರಳಿಗೆ ಬಿತ್ತು.

ಹುಲ್ಲಿನ ಪಟ್ಟಿ ದಾಟಲು ಗುಬ್ಬಿಗೆ ಇನ್ನೂರ ಎಪ್ಪತ್ತು ಹೆಜ್ಜೆ ಬೇಕಿತ್ತು. ಆಟಕ್ಕೆ ಎಷ್ಟೋ ಸಲ ಎಣಿಸಿದ್ದಳು. ಇವತ್ತು ನೂರಕ್ಕೆ ಎಣಿಕೆ ತಪ್ಪಿತು. ಪಟ್ಟಿಯ ನಡುವೆ ಸರ್ವೆಯವನ ಆಳುಗಳು ಮೂರುಕಾಲಿನ ಯಂತ್ರ ನಿಲ್ಲಿಸಿ ಏನೋ ಅಳೆಯುತ್ತಿದ್ದರು. "ಏನ್ ಇಂಜಿನಿಯರಮ್ಮಾ, ಎಲ್ಲಿಗೆ ಸವಾರಿ? ಬಾ, ಸ್ವಲ್ಪ ಈ ಕೋಲು ಹಿಡ್ಕೋ," ಎಂದು ಒಬ್ಬ ಕೂಗಿದ. ಅವಳು ಪೊಟ್ಟಣವನ್ನು ಚಿತ್ರ ಒಳಗಾಗುವ ಹಾಗೆ ಎದೆಗೆ ಒತ್ತಿಕೊಂಡಳು. ಓಡಿದರೆ ಕರೆದು ನಿಲ್ಲಿಸುತ್ತಾರೆ. ನಿಧಾನ ನಡೆದರೆ ಹೊತ್ತು ಹೋಗುತ್ತದೆ. ಹೆದರಿಕೆ ಎರಡು ಕಡೆಯಿಂದ ಎಳೆಯುತ್ತಿತ್ತು. ಹಿಂದೆ ಅಪ್ಪ ಹಲಗೆ ಮನೆಯ ಬಲೆ ಕಿಟಕಿಯ ಆಚೆ ನಿಂತು ನೋಡುತ್ತಿರಬಹುದು. ಮುಂದೆ ಕೇರಿ. ಎರಡು ವರ್ಷದ ಹಿಂದೆ ಮರ ಕಡಿಯುವವನೊಬ್ಬನನ್ನು ಕೆಳಹೊಳೆಯಿಂದ ದೋಣಿಯಲ್ಲಿ ಹಾಕಿಕೊಂಡು ಬಂದಿದ್ದರು. ಅವನ ಕುತ್ತಿಗೆಯಲ್ಲಿ ಬಾಣ ನಾಟಿತ್ತು. ಅಮ್ಮ ಅದನ್ನು ತೆಗೆದದ್ದು, ತೆಗೆದಮೇಲೆ ಅವನು ಸತ್ತದ್ದು, ಎರಡನ್ನೂ ಗುಬ್ಬಿ ಬಾಗಿಲ ಸಂದಿಯಿಂದ ಕಂಡಿದ್ದಳು.

ಒಂಟಿಹಲ್ಲಜ್ಜಿ ಮನೆಯ ಮುಂದೆ ಕೂತು ಬೆತ್ತ ಸೀಳುತ್ತಿದ್ದಳು. ಒಲೆಯಲ್ಲಿ ಸಣ್ಣ ಉರಿ. ಉದ್ದಕಾಲಿ ಕಾಲು ಚಾಚಿ ಕೂತು ಸೀಳನ್ನು ನಯ ಮಾಡುತ್ತಿದ್ದಳು.

"ಬಂದ್ಲು ನೋಡು ಗುಬ್ಬಿ," ಎಂದಳು ಅಜ್ಜಿ ತಮ್ಮ ಮಾತಿನಲ್ಲಿ. ಆ ಮಾತು ಗುಬ್ಬಿಗೆ ಮನೆಯ ಮಾತಿನಷ್ಟೇ ಸಲೀಸು. "ಏನೇ, ನಿಮ್ಮನೇಗೆ ಬಂದಿರೋ ಹೊಟ್ಟೆಬಾಕರು ಎಲ್ಲಾ ತಿಂದು ನಿನ್ನನ್ನ ಉಪವಾಸ ಕೆಡವಿದ್ರಾ? ಮುಖ ಯಾಕೆ ಬೂದಿ ಬಳ್ಕೊಂಡಿದೀಯ?"

"ಆ ಗುಂಡುಮೂತಿಯವನು ಇಳಿಯೋವಾಗ ವಿಮಾನ ಒಂದು ಮೊಳ ಮೇಲೆ ಎದ್ದಿತು ಅಜ್ಜಿ," ಎಂದಳು ಉದ್ದಕಾಲಿ. "ನಾನೇ ನೋಡಿದೆ." ಇಬ್ಬರೂ ನಕ್ಕರು. ಅಜ್ಜಿ ನಕ್ಕಾಗ ಆ ಒಂದು ಹಲ್ಲು ಬಾಗಿಲು ಕಾಯುವವನ ಹಾಗೆ ಒಂಟಿಯಾಗಿ ನಿಲ್ಲುತ್ತಿತ್ತು.

ಗುಬ್ಬಿ ಪೊಟ್ಟಣ ಬಿಚ್ಚಿದಳು. ಪಟ್ಟಿಗಳನ್ನು ಅಜ್ಜಿಯ ಮಡಿಲಿಗೆ ಹಾಕಿ, ಹಾಳೆಯನ್ನು ನೆಲದ ಮೇಲೆ ಹರಡಿದಳು. ಅಜ್ಜಿ ಅದನ್ನು ತಲೆಕೆಳಗು ಮಾಡಿ ನೋಡಿದಳು, ಅಡ್ಡ ಮಾಡಿ ನೋಡಿದಳು. ಅವಳಿಗೆ ಅದು ಇರುವೆ ಹರಿದಾಡಿದ ಕಾಗದ. ಆದರೆ ಉದ್ದಕಾಲಿ ಬಗ್ಗಿ ನೋಡಿದವಳೇ ಕೂಗಿದಳು.

"ಇದು ನನ್ನಮ್ಮ!"

ಮೂರನೆಯ ಮನೆಯ ಮುಂದೆ, ಬೆನ್ನಿಗೆ ಬುಟ್ಟಿ ಹಾಕಿಕೊಂಡು, ಮೊಣಕಾಲಿನವರೆಗೆ ಕೂದಲು ಬಿಟ್ಟ ಹೆಂಗಸು. ಗುಬ್ಬಿ ಆ ಕೂದಲಿಗೇ ಒಂದು ಬೆಳಿಗ್ಗೆ ಖರ್ಚು ಮಾಡಿದ್ದಳು.

"ಅಜ್ಜಿ, ನೋಡು, ಅಮ್ಮನ ಬುಟ್ಟಿ! ಇವಳು ಪಕ್ಕದ ಮನೆ ದೊಡ್ಡಮ್ಮ. ಇದು ನಾಯಿ. ಗುಬ್ಬಿ, ನನಗೆ ಕೊಡ್ತೀಯಾ ಇದನ್ನ? ಕೊಡೇ. ನಾನು ಇಟ್ಕೋತೀನಿ." ಅವಳ ಕಣ್ಣು ತುಂಬಿತ್ತು. ಅವಳು ತಾಯಿಯನ್ನು ನೋಡಿ ಐದು ತಿಂಗಳಾಗಿತ್ತು.

"ಇದು ಅವರ ಹತ್ರಾನೂ ಇದೆ," ಎಂದಳು ಗುಬ್ಬಿ.

"ಯಾರ ಹತ್ರ?"

"ವಿಮಾನದಲ್ಲಿ ಬಂದವರ ಹತ್ರ. ನಾಳೆ ಬೆಳಿಗ್ಗೆ ದೋಣೀಲಿ ಹೋಗ್ತಾರೆ. ಎಬ್ಬಿಸಬೇಕಂತೆ. ಲಾರಿ ದಾರಿ ಮಾಡ್ತಾರಂತೆ." ಮಾತುಗಳು ಒಂದರ ಮೇಲೊಂದು ಬಿದ್ದವು. "ಎಡ ದಂಡೆ ಅಂತ ನಾನೇ ಹೇಳಿದೆ."

ಅಜ್ಜಿಯ ಕೈಯಲ್ಲಿದ್ದ ಕತ್ತಿ ಬೆತ್ತದ ನಡುವೆ ನಿಂತಿತು. ನಗು ಇನ್ನೂ ಮುಖದಲ್ಲೇ ಇತ್ತು, ಆದರೆ ಅದರ ಒಳಗಿಂದ ಏನೋ ಎದ್ದುಹೋಗಿತ್ತು, ಮನೆ ಬಿಟ್ಟು ಜನ ಹೋದ ಹಾಗೆ.

"ಇಂಥದ್ದು ಎಷ್ಟಿದೆ?"

ಪತ್ರಿಕೆ ಎಷ್ಟು ಅಚ್ಚಾಗುತ್ತದೆಂದು ಗುಬ್ಬಿಗೆ ತಿಳಿದಿತ್ತು. ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ, ನಾಲ್ಕು ಸಾವಿರ ಎಂದು. ಅಜ್ಜಿಯ ಭಾಷೆಯಲ್ಲಿ ಅಷ್ಟು ದೊಡ್ಡ ಲೆಕ್ಕಕ್ಕೆ ಮಾತಿರಲಿಲ್ಲ.

"ಎಲ್ಲಾ ಊರಲ್ಲೂ," ಎಂದಳು.

"ಬರೆದದ್ದು ಯಾರು?"

"ನಾನು."

ಅಜ್ಜಿಯ ಬೆರಳು ಹಾಳೆಯ ಮೇಲೆ ನಿಧಾನಕ್ಕೆ ಹರಿದು ಮೂಲೆಯ ಬಾಣಕ್ಕೆ ಬಂದು ನಿಂತಿತು. ಓದು ಬರದಿದ್ದರೇನು, ಬೆತ್ತದಲ್ಲಿ ಒಬ್ಬೊಬ್ಬರ ಹೆಣಿಗೆಯನ್ನೂ ಗುರುತು ಹಿಡಿಯುವ ಕಣ್ಣು ಅದು. ಮಿಕ್ಕ ಗೆರೆಗಳೆಲ್ಲ ಅಂಕುಡೊಂಕು. ಈ ಬಾಣ, ಈ ಅಕ್ಷರ ಮಾತ್ರ ಗಟ್ಟಿ, ನೇರ. "ಇದು? ಇದೂ ನಿಂದೇ ಕೈಯಾ?"

ಗುಬ್ಬಿಗೆ ಆ ಸತ್ತವನ ಕುತ್ತಿಗೆ ಕಂಡಿತು. ಅದರ ಮೇಲೆ ಅಪ್ಪನ ಮುಖ ಕಂಡಿತು. ಇರುವುದನ್ನು ಇದ್ದ ಹಾಗೆ ಹೇಳು ಎಂದಿದ್ದ ಅಪ್ಪ.

"ಅದೂ ನಾನೇ."

ಅಜ್ಜಿ ಬಾಣದ ಮೇಲಿಂದ ಬೆರಳು ತೆಗೆದಳು. ನಂಬಿದಳೋ ಇಲ್ಲವೋ, ಗುಬ್ಬಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹಾಳೆಗೆ ಕೈ ಚಾಚಿದಳು. ಉದ್ದಕಾಲಿ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಕೊಡು."

"ಅಮ್ಮ ಇದಾಳೆ ಅಜ್ಜಿ ಇದರಲ್ಲಿ."

"ಅದಕ್ಕೇ ಕೊಡು ಅನ್ನೋದು."

ಅಜ್ಜಿ ಎದ್ದು ಮೊಮ್ಮಗಳ ಕೈಯಿಂದ ಹಾಳೆ ಕಿತ್ತುಕೊಂಡು ಒಲೆಗೆ ಹಾಕಿದಳು. ಹಾಳೆ ಒಮ್ಮೆ ಮೈಮುರಿಯಿತು. ಏಳು ಮನೆ ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ, ಹೋಯಿತು. ಉದ್ದಕಾಲಿ ಬಿಕ್ಕಳಿಸಿದಳು. ಗುಬ್ಬಿ ಅವಳ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಳು. ಉದ್ದಕಾಲಿ ಹುಣ್ಣಿನ ಕಾಲನ್ನು ಎಳೆದುಕೊಂಡು ಅಜ್ಜಿಯ ಬೆನ್ನ ಹಿಂದೆ ಸರಿದಳು. ಹೆದರಿದವರು ಸರಿಯುವ ಹಾಗೆ.

"ಮನೆಗೆ ಹೋಗು," ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

ಮಾರನೆಯ ದಿನ ಏಳಕ್ಕೆ ಅಪ್ಪ ವೈರ್‌ಲೆಸ್ ಮುಂದೆ ಕೂತು "ಎಲ್ಲ ಕ್ಷೇಮ" ಎಂದ. ಸರ್ವೆಯವನ ದೋಣಿ ಹೊಗೆ ಬಿಡುತ್ತ ಹೊಳೆಯ ಮೇಲಕ್ಕೆ ಹೋಯಿತು. ಎಂಟಕ್ಕೆ ಅಮ್ಮ ದವಾಖಾನೆ ತೆರೆದು, ಸೂಜಿ ಕುದಿಸಿ, ದಾಖಲೆ ಪುಸ್ತಕದಲ್ಲಿ ತಾರೀಖು ಬರೆದು ಕೂತಳು. ಒಂಬತ್ತಾಯಿತು. ಹತ್ತಾಯಿತು. ಕುದಿಸಿದ ಸೂಜಿ ಆರಿತು. ಕೇರಿಯ ಕಡೆಯಿಂದ ಹೊಗೆ ಏಳಲಿಲ್ಲ, ಮಗು ಅಳಲಿಲ್ಲ. ಕೊನೆಗೆ ಅಪ್ಪನೇ ಹುಲ್ಲಿನ ಪಟ್ಟಿ ದಾಟಿ ಹೋಗಿ ಬಂದ.

"ಯಾರೂ ಇಲ್ಲ," ಎಂದ. "ಒಬ್ರೂ ಇಲ್ಲ. ಮುದುಕರನ್ನೂ ಹೊತ್ಕೊಂಡು ಹೋಗಿದಾರೆ." ಆಮೇಲೆ ಮಗಳ ಕಡೆ ತಿರುಗಿದ. ಏನೋ ಕೇಳಬೇಕೆಂದು ಬಾಯಿವರೆಗೆ ತಂದುಕೊಂಡ. ಗುಬ್ಬಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆ, ಬಾಣವನ್ನೂ. ಅಪ್ಪ ಕೇಳಲಿಲ್ಲ. ಹೋಗಿ ತನ್ನ ಮೇಜಿನ ಮುಂದೆ ಕೂತ. ಅವನ ಭಾಷೆಯ ಚೀಟಿಗಳು, ಹನ್ನೊಂದು ವರ್ಷದವು, ಪೆಟ್ಟಿಗೆಗಳಲ್ಲಿ ಸಾಲಾಗಿ ನಿಂತಿದ್ದವು. ಒಂದನ್ನೂ ತೆಗೆಯಲಿಲ್ಲ.

ದೋಣಿ ತಿರುಗಿ ಬರುವವರೆಗೆ ಮೂರು ದಿನ ಗುಬ್ಬಿ ಒಂದೇ ಲೆಕ್ಕ ಹಾಕಿದಳು. ದೋಣಿ ಮೊದಲು ಮುಟ್ಟಿತೋ, ಕೇರಿಯವರು ಮೊದಲು ಮುಟ್ಟಿದರೋ? ಹುಣ್ಣಿನ ಕಾಲಿನವಳನ್ನು ಯಾರು ಹೊತ್ತರು? ಕೇಳಲು ಯಾರೂ ಇರಲಿಲ್ಲ. ಹೊಳೆಯಲ್ಲಿ ಏನಾದರೂ ತೇಲಿ ಬಂದೀತೆಂದು ಅವಳು ದಂಡೆಗೇ ಹೋಗಲಿಲ್ಲ.

ಶನಿವಾರ ಸಂಜೆ ದೋಣಿ ಬಂತು. ಸರ್ವೆಯವನು ಕೆಸರಿನ ಬೂಟು ಬಿಚ್ಚುತ್ತ ಮೆಟ್ಟಿಲ ಮೇಲೆ ಕೂತ.

"ನಿಮ್ಮ ಮಗಳ ಲೆಕ್ಕ ಪಕ್ಕಾ, ಪಾದ್ರಿಗಳೇ. ಬಂಡೆ ಅಲ್ಲೇ, ಹಳ್ಳ ಅಲ್ಲೇ. ಏಳು ಮನೆ, ಏಳಕ್ಕೆ ಏಳು. ಆದ್ರೆ ನರಪಿಳ್ಳೆ ಇಲ್ಲ. ಒಲೆ ಬೂದಿ ಕೈ ಹಾಕಿ ನೋಡಿದ್ವಿ, ತಣ್ಣಗಿತ್ತು."

ಬಾಗಿಲ ಮರೆಯಲ್ಲಿದ್ದ ಗುಬ್ಬಿಗೆ ತಿಳಿಯಿತು, ಕೇರಿಯವರೇ ಮೊದಲು ಮುಟ್ಟಿದ್ದರು.

"ಹಾಗಾದ್ರೆ... ನಿಮಗೆ ತೊಂದರೆ ಆಯ್ತು," ಎಂದ ಅಪ್ಪ.

"ತೊಂದರೆ ಏನು ಬಂತು? ಒಳ್ಳೇದೇ ಆಯ್ತು." ಸರ್ವೆಯವನು ಬೂಟು ಬಡಿದ, ಕೆಸರು ಉದುರಿತು. "ಬರುವಾಗ ನಿಮ್ಮ ಕೇರೀನೂ ನೋಡ್ಕೊಂಡು ಬಂದ್ವಿ. ಅಲ್ಲೂ ಇಲ್ಲ. ಎರಡೂ ಕಡೆ ಜನವಸತಿ ಇಲ್ಲ ಅಂತ ಬರ್ಕೊಂಡೆ. ಎಬ್ಬಿಸೋದೂ ಬೇಡ, ಕೂರಿಸೋದೂ ಬೇಡ. ರಸ್ತೆ ಸೀದಾ ಎಳೆದುಬಿಡಬಹುದು."

ಭಾನುವಾರ ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಪ್ರಾರ್ಥನೆಯ ಗಂಟೆ ಹೊಡೆದ. ಎಂದಿನಷ್ಟೇ ಹೊಡೆದ. ವಿಮಾನ ಬರುವುದು ಸೋಮವಾರ. ಹಾಗಾಗಿ ಸರ್ವೆಯವನೂ ಆಳುಗಳೂ ತಲೆ ಬಾಚಿಕೊಂಡು ಮರ್ಯಾದೆಗೆ ಬಂದು ಎರಡನೆಯ ಸಾಲಿನಲ್ಲಿ ಕೂತರು. ಅಮ್ಮ, ಗುಬ್ಬಿ ಪಕ್ಕದ ಬೆಂಚಿನಲ್ಲಿ. ಮಿಕ್ಕ ಬೆಂಚುಗಳು ಖಾಲಿ.

ಅಪ್ಪ ಮುಂದೆ ನಿಂತು ಬರೆದುಕೊಂಡು ಬಂದ ಹಾಳೆ ತೆರೆದ. ಒಮ್ಮೆ ಆ ಮೂವರನ್ನು ನೋಡಿದ, ಒಮ್ಮೆ ಹಾಳೆಯನ್ನು. ಬೋಧನೆ ಇದ್ದದ್ದು ಕಾಡಿನವರ ಮಾತಿನಲ್ಲಿ. ಅವನು ಗಂಟಲು ಸರಿಮಾಡಿಕೊಂಡು ಅದೇ ಮಾತಿನಲ್ಲಿ ಶುರುಮಾಡಿದ. ಆಳುಗಳು ಮುಖ ಮುಖ ನೋಡಿಕೊಂಡರು. ಸರ್ವೆಯವನು ಅರ್ಥವಾದವನ ಹಾಗೆ ತಲೆದೂಗುತ್ತ ಕೂತ. ಅಮ್ಮ ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಗುಬ್ಬಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು. ಇಡೀ ಕೋಣೆಯಲ್ಲಿ ಪೂರ್ತಿ ಅರ್ಥವಾಗುತ್ತಿದ್ದುದು ಅವಳೊಬ್ಬಳಿಗೇ. ಅಪ್ಪನ ಕಣ್ಣು ಹಾಳೆಯಿಂದ ಎದ್ದಾಗಲೆಲ್ಲ ಅವಳ ಮೇಲೆ ಬಂದು ನಿಲ್ಲುತ್ತಿತ್ತು.

ಬಾಗಿಲ ಹಲಗೆಯ ಮೇಲೆ ಸದ್ದಾಯಿತು. ಒಂದು ಕೋಳಿ ಒಳಗೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೆ ಮೂರು. ಕೇರಿಯವರು ಹೊತ್ತೊಯ್ಯಲಾಗದೆ ಬಿಟ್ಟುಹೋದವು. ಕಾಳು ಹಾಕುವ ಕೈಯನ್ನು ಹುಡುಕುತ್ತ ಹುಲ್ಲಿನ ಪಟ್ಟಿ ದಾಟಿ ಬಂದಿದ್ದವು. ಬೆಂಚುಗಳ ನಡುವೆ ಕತ್ತು ಕೊಂಕಿಸಿ ಓಡಾಡಿದವು. ಒಬ್ಬ ಆಳು ಕಾಲಿನಿಂದ ಹುಶ್ ಎಂದ. ಅವು ಹೋಗಲಿಲ್ಲ. ಒಂದು ಕೆಂಚು ಕೋಳಿ ಮುಂದಿನ ಖಾಲಿ ಬೆಂಚಿಗೆ ಹಾರಿ, ಎರಡು ಸುತ್ತು ತಿರುಗಿ, ರೆಕ್ಕೆ ಹೊಂದಿಸಿಕೊಂಡು, ಅಪ್ಪನ ಎದುರಿಗೇ ಕಾಲು ಮಡಚಿ ಕೂತಿತು.

ಅಪ್ಪ ಹಾಳೆ ತಿರುವಿ ಓದುತ್ತ ಹೋದ.